ಯೇನಾದ ಲೆಕ್ಕ, ರಷ್ಯಾದ ಲೆನ್ಸು

ಮೊನ್ನೆ ನಮ್ಮ ಸ್ಟಾಫ್ ರೂಮಿನ ಮೇಜಿನ ಮೇಲೆ ಒಂದು ಹಳೆಯ ಕ್ಯಾಮೆರಾ ಲೆನ್ಸು ಇತ್ತು. ಏಳನೆಯ ತರಗತಿಯ ಹುಡುಗನೊಬ್ಬ ಅದನ್ನೆತ್ತಿ, ಗಾಜಿನ ಸುತ್ತ ಬರೆದಿದ್ದ ಅಕ್ಷರಗಳನ್ನು ಓದಲು ನೋಡಿದ. ಕನ್ನಡ, ಮಲಯಾಳ, ಹಿಂದಿ, ಇಂಗ್ಲಿಷು ನಾಲ್ಕೂ ಲಿಪಿ ಬಲ್ಲ ಕಾಸರಗೋಡಿನ ಹುಡುಗ, ಐದನೆಯದಕ್ಕೆ ಸೋತ. ಅದು ರಷ್ಯನ್. 'ಗೆಲಿಯೋಸ್-44-2' ಎಂದಿತ್ತು. ಇಂಗ್ಲಿಷಿನವರ ಹೀಲಿಯೋಸ್, ಅಂದರೆ ಗ್ರೀಕರ ಸೂರ್ಯದೇವ, ರಷ್ಯನ್ನರ ಬಾಯಲ್ಲಿ ಗೆಲಿಯೋಸ್ ಆಗುತ್ತಾನೆ. ನಂಬರು 77ರಿಂದ ಶುರುವಾಗುತ್ತದೆ. ಹೆಚ್ಚಿನ ಸೋವಿಯತ್ ಲೆನ್ಸುಗಳಲ್ಲಿ ಮೊದಲ ಎರಡು ಅಂಕೆಗಳೇ ತಯಾರಾದ ವರ್ಷ, ಆದ್ದರಿಂದ ಇದು 1977ರದ್ದು.

ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕಾದ ಇಂಥ ಹಳೆಯ ಲೆನ್ಸುಗಳನ್ನು ಕೂಡಿಡುವ ಗೀಳು ನಮಗೆ ಹತ್ತಿ ಕೆಲವು ವರ್ಷವಾಯಿತು. ಹೊಸ ಒಳ್ಳೆಯ ಲೆನ್ಸು ಮೇಷ್ಟರ ಸಂಬಳಕ್ಕೆ ಎಟಕುವುದಿಲ್ಲ, ಇವು ಎಟಕುತ್ತವೆ. ಆದರೆ ಇವು ಯಾಕೆ ಇಷ್ಟು ಅಗ್ಗ ಎಂದು ಹುಡುಕುತ್ತ ಹೋದರೆ ಕಥೆ ಜರ್ಮನಿಗೆ ಹೋಗುತ್ತದೆ.

ಯೇನಾ ಎಂಬ ಜರ್ಮನ್ ಊರಿನಲ್ಲಿ ಕಾರ್ಲ್ ಝೈಸ್ ಕಂಪೆನಿಯಿತ್ತು. ಅಲ್ಲಿನ ವಿಲ್ಲಿ ಮೆರ್ಟೆ ಎಂಬ ಗಣಿತಜ್ಞರು ಲೆಕ್ಕ ಹಾಕಿದ ಲೆನ್ಸು ಬಯೋಟಾರ್. ಅದರ 58 ಮಿಲಿಮೀಟರಿನ ಮಾದರಿಯಲ್ಲಿ ಆರು ಗಾಜುಗಳು, ನಾಲ್ಕು ಗುಂಪು. 1945ರ ಏಪ್ರಿಲಿನಲ್ಲಿ ಅಮೆರಿಕನ್ ಸೇನೆ ಯೇನಾ ಹಿಡಿಯಿತು. ಆದರೆ ಮಾತುಕತೆಯಂತೆ ಆ ಭಾಗ ಸೋವಿಯತ್ ಪಾಲಿಗೆ ಸೇರಬೇಕಿತ್ತು. ಹೊರಡುವಾಗ ಅಮೆರಿಕನ್ನರು ನೂರಕ್ಕೂ ಹೆಚ್ಚು ಪರಿಣತರನ್ನು ತಮ್ಮೊಂದಿಗೆ ಪಶ್ಚಿಮಕ್ಕೆ ಕರೆದೊಯ್ದರು. ಆಮೇಲೆ ಬಂದ ಸೋವಿಯತ್ತಿನವರು ಯಂತ್ರಗಳನ್ನೇ ಬಿಚ್ಚಿ ಸಾಗಿಸಿದರು. 1946ರ ಅಕ್ಟೋಬರ್ 22ರಂದು ಅವರ ವಲಯದ ಅನೇಕ ಪರಿಣತರನ್ನು ಮುಂಜಾವದಲ್ಲೇ ಎಬ್ಬಿಸಿ, ಹೆಂಡತಿ ಮಕ್ಕಳ ಸಮೇತ ರೈಲು ಹತ್ತಿಸಲಾಯಿತು. ಯೇನಾದವರಲ್ಲಿ ಕೆಲವರು ತಲುಪಿದ್ದು ಮಾಸ್ಕೋ ಪಕ್ಕದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಗೆ. ಬಯೋಟಾರ್ ಲೆಕ್ಕವನ್ನು ರಷ್ಯಾದ ಗಾಜಿಗೆ ಹೊಂದಿಸಿಕೊಂಡು ಹುಟ್ಟಿದ್ದೇ ಈ ಗೆಲಿಯೋಸ್.

ಇಷ್ಟು ಹೇಳಿದಾಗ ಆ ಹುಡುಗ ಕೇಳಿದ: "ಹಾಗಾದ್ರೆ ಇದು ಕದ್ದ ಮಾಲಾ ಸರ್?"

ಯುದ್ಧದಲ್ಲಿ ಸೋವಿಯತ್ ದೇಶ ಎರಡು ಕೋಟಿಗೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು, ನಷ್ಟಪರಿಹಾರವಾಗಿ ಯಂತ್ರ ಒಯ್ಯಲು 1945ರ ಪಾಟ್ಸ್‌ಡ್ಯಾಮ್ ಸಭೆಯಲ್ಲಿ ಒಪ್ಪಿಗೆಯೂ ಇತ್ತು ಎಂದೆವು. "ಜನರನ್ನು ಒಯ್ಯಲಿಕ್ಕೂ ಒಪ್ಪಿಗೆ ಇತ್ತಾ?" ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ. ಗೆಲಿಯೋಸನ್ನು 'ಬರೀ ನಕಲು' ಎಂದು ಮೂಗು ಮುರಿಯುವವರು ಬಹಳ ಮಂದಿ ಇದ್ದಾರೆ. ನಮಗೆ ಆ ಮಾತು ಹಿಡಿಸುವುದಿಲ್ಲ. ಮಾಡಿದ ಕೈಗಳನ್ನೇ ಎತ್ತಿಕೊಂಡು ಹೋದ ಮೇಲೆ ಅಸಲು ಯಾವುದು, ನಕಲು ಯಾವುದು?

ಇತ್ತ ಝೈಸ್ ಕೂಡ ಎರಡಾಯಿತು. ಪೂರ್ವದ್ದು ಯೇನಾದಲ್ಲಿ, ಪಶ್ಚಿಮದ್ದು ಓಬರ್‌ಕೋಕೆನ್‌ನಲ್ಲಿ. ಹೆಸರು ಯಾರದೆಂದು ವರ್ಷಗಟ್ಟಲೆ ಕೋರ್ಟು ಕಚೇರಿ ಅಲೆದು, 1971ರಲ್ಲಿ ಲಂಡನ್ನಿನಲ್ಲಿ ರಾಜಿ ಮಾಡಿಕೊಂಡರು. ಆ ಜಗಳದ ದಿನಗಳಲ್ಲಿ ಪಶ್ಚಿಮಕ್ಕೆ ಮಾರಲು ಹೋದ ಯೇನಾದ ಬಯೋಟಾರ್ ಮೇಲೆ ಪೂರ್ತಿ ಹೆಸರಿಲ್ಲ, ಬರೀ 'ಬಿ' ಎಂಬ ಒಂದಕ್ಷರ! ಗಡಿ ಬಿದ್ದಾಗ ಬೋರ್ಡಿನ ಅಕ್ಷರ ಬದಲಾಗುವುದು ನಮ್ಮ ಕಡೆಯವರಿಗೆ ಹೊಸತೇನಲ್ಲ ಬಿಡಿ.

ಹೆಸರಿಗಾಗಿ ಇಷ್ಟು ಜಗಳವಾಡಿದವರು ಒಂದು ತಿರುಪನ್ನು ಮಾತ್ರ ಹಂಚಿಕೊಂಡರು. 42 ಮಿಲಿಮೀಟರ್ ವ್ಯಾಸ, ಒಂದು ಸುತ್ತಿಗೆ 1 ಮಿಲಿಮೀಟರ್ ಏರಿಕೆ, ಇದೇ ಎಂ42. 1949ರಲ್ಲಿ ಡ್ರೆಸ್ಡೆನ್ನಿನ ಕಾಂಟ್ಯಾಕ್ಸ್ ಎಸ್ ಕ್ಯಾಮೆರಾದಲ್ಲಿ ಬಂತು. 1957ರಲ್ಲಿ ಜಪಾನಿನ ಪೆಂಟಾಕ್ಸ್, 1960ರ ದಶಕದಲ್ಲಿ ರಷ್ಯಾದ ಝೆನಿತ್ ಕೂಡ ಅದನ್ನೇ ಹಿಡಿದವು. ಝೆನಿತ್-ಇ ಒಂದೇ 30 ಲಕ್ಷಕ್ಕೂ ಹೆಚ್ಚು ತಯಾರಾಯಿತು, ಬಹಳಷ್ಟಕ್ಕೆ ಜೊತೆಗೆ ಬಂದದ್ದು ಗೆಲಿಯೋಸ್. 1975ರಲ್ಲಿ ಪೆಂಟಾಕ್ಸ್ ತಿರುಪು ಬಿಟ್ಟಿತು. ಹತ್ತು ವರ್ಷದಲ್ಲಿ ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮೆರಾಗಳು ಬಂದವು. ರಾಶಿ ರಾಶಿ ಲೆನ್ಸುಗಳು ಕಪಾಟು ಸೇರಿದವು. ಅಗ್ಗವಾದದ್ದು ಹೀಗೆ.

ಮತ್ತೆ ಬೆಳಕಿಗೆ ಬಂದದ್ದು 2008ರ ನಂತರ, ಒಳಗೆ ಕನ್ನಡಿ ಇಲ್ಲದ ಡಿಜಿಟಲ್ ಕ್ಯಾಮೆರಾಗಳು ಬಂದಾಗ. ಎಂ42 ಲೆನ್ಸು ಫಿಲ್ಮಿನಿಂದ 45.46 ಮಿಲಿಮೀಟರ್ ದೂರ ಕೂರಬೇಕು. ಹೊಸ ಕ್ಯಾಮೆರಾಗಳಲ್ಲಿ ಆ ದೂರ 20ರ ಆಸುಪಾಸು. ಉಳಿದ 25 ಮಿಲಿಮೀಟರನ್ನು ಒಂದು ಟೊಳ್ಳು ಬಳೆ ತುಂಬಿದರಾಯಿತು. ಅದರಲ್ಲಿ ಗಾಜೂ ಬೇಡ, ವಯರೂ ಬೇಡ. ಗೆಲಿಯೋಸಿನಲ್ಲಿ ಮರದ ಮುಂದೆ ಒಬ್ಬರನ್ನು ನಿಲ್ಲಿಸಿ ಪಟ ತೆಗೆಯಿರಿ, ಹಿಂದಿನ ಎಲೆಗಳೆಲ್ಲ ಸುಳಿಯಂತೆ ತಿರುಗಿ ಕಾಣುತ್ತವೆ. ಲೆಕ್ಕ ಹಾಕಿದವರ ಕಣ್ಣಿಗೆ ಅದು ದೋಷ, ಈಗಿನವರು ಕೊಳ್ಳುವುದೇ ಅದಕ್ಕಾಗಿ.

ಕೊಳ್ಳುವವರಿಗೆ ಒಂದು ಮಾತು. ಹಿಂದಿನಿಂದ ಟಾರ್ಚ್ ಹಾಕಿ ಒಳಗೆ ನೋಡದೆ ದುಡ್ಡು ಕೊಡಬೇಡಿ. ನಾವು ಮೊದಲು ಕೊಂಡದ್ದರ ಒಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿತ್ತು. ಅದು ಗಾಜಿನ ಲೇಪವನ್ನು ತಿಂದ ಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ನಮ್ಮ ಕರಾವಳಿಯ ಮಳೆಗಾಲ ಕೇಳಬೇಕೇ, ಪುಸ್ತಕದ ರಟ್ಟಿಗೇ ಬೂಷ್ಟು ಹಿಡಿಯುತ್ತದೆ! ಈ ಗೆಲಿಯೋಸನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟಿದ್ದೇವೆ. ಜೂನ್ ಬರುವ ಮೊದಲು ಪೊಟ್ಟಣ ಬದಲಿಸಬೇಕು.