ಗುರುತು ಸುಳ್ಳಾದರೆ ಕೋಶವೂ ಸುಳ್ಳೇ? ಸಪ್ರೆಸರ್ ಟಿ ಕೋಶಗಳ ಮರುವಿಚಾರ

2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಮತ್ತು ಶಿಮೊನ್ ಸಕಾಗುಚಿ ಅವರಿಗೆ ಸಂದಿತು. ದೇಹದ ರೋಗನಿರೋಧಕ ಪಡೆಗೆ ಕಡಿವಾಣ ಹಾಕುವ ನಿಯಂತ್ರಕ ಟಿ ಕೋಶಗಳನ್ನು ಗುರುತಿಸಿದ್ದಕ್ಕೆ ಈ ಗೌರವ. ಈ ಸಂಶೋಧನೆಯ ಇತಿಹಾಸವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳುತ್ತಾರೆ. 1970ರ ದಶಕದ ‘ಸಪ್ರೆಸರ್ ಟಿ ಕೋಶ’ ಬರಿಯ ಭ್ರಮೆ, 1995ರಲ್ಲಿ ಸಕಾಗುಚಿ ಕಂಡದ್ದೇ ನಿಜ ಎನ್ನುವುದು ಒಂದು. ಕೋಶ ಹಳೆಯದೇ, ಹೆಸರು ಮಾತ್ರ ಹೊಸದು ಎನ್ನುವುದು ಇನ್ನೊಂದು. ಎರಡೂ ಪುರಾವೆಗೆ ನಿಲ್ಲುವುದಿಲ್ಲ ಎಂಬುದು ಈ ಲೇಖನದ ವಾದ.

ಎಲ್ಲರೂ ಒಪ್ಪಿರುವ ಸಂಗತಿಗಳು ಇಷ್ಟು. ತನ್ನ ದೇಹದ ಮೇಲೆಯೇ ತಿರುಗಿಬೀಳುವ ಟಿ ಕೋಶಗಳಲ್ಲಿ ಬಹುಪಾಲನ್ನು ಥೈಮಸ್ ಗ್ರಂಥಿ ಹುಟ್ಟಿನಲ್ಲೇ ತೆಗೆದುಹಾಕುತ್ತದೆ. ತಪ್ಪಿಸಿಕೊಂಡವನ್ನು ನಿಯಂತ್ರಕ ಕೋಶಗಳು ಹದ್ದುಬಸ್ತಿನಲ್ಲಿಡುತ್ತವೆ. ಇವುಗಳ ಮೈಮೇಲೆ ಸಿಡಿ4 ಮತ್ತು ಸಿಡಿ25 ಎಂಬ ಪ್ರೋಟೀನುಗಳಿರುತ್ತವೆ. ಒಳಗೆ ಫಾಕ್ಸ್‌ಪಿ3 ಜೀನು ಕೆಲಸ ಮಾಡುತ್ತಿರುತ್ತದೆ. ಆ ಜೀನು ಕೆಟ್ಟರೆ ‘ಸ್ಕರ್ಫಿ’ ತಳಿಯ ಗಂಡು ಇಲಿಗಳು ಕೆಲವೇ ವಾರಗಳಲ್ಲಿ ಸಾಯುತ್ತವೆ. ಮನುಷ್ಯರಲ್ಲಾದರೆ ಗಂಡುಮಕ್ಕಳಿಗೆ ಎಳೆತನದಲ್ಲೇ ಮಧುಮೇಹ, ನಿಲ್ಲದ ಭೇದಿ, ಎಸ್ಜಿಮಾ ಬರುತ್ತವೆ. 2001ರಿಂದ 2003ರ ನಡುವೆ ಇದೆಲ್ಲ ಖಚಿತವಾಯಿತು.

ವಿವಾದ ಇರುವುದು ಅದಕ್ಕೂ ಹಿಂದೆ, ಯೇಲ್ ವಿಶ್ವವಿದ್ಯಾಲಯದ ರಿಚರ್ಡ್ ಗೆರ್ಷನ್ ಅವರ ಪ್ರಯೋಗಗಳಲ್ಲಿ. ಸಹಸಂಶೋಧಕ ಕೊಂಡೊ ಅವರೊಡನೆ ಗೆರ್ಷನ್ ಇಲಿಗಳಿಗೆ ಕುರಿಯ ಕೆಂಪು ರಕ್ತಕಣಗಳನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಿದರು. ಸಾಮಾನ್ಯವಾಗಿ ಪರಕೀಯ ಕಣಗಳಿಗೆ ಪ್ರತಿಕಾಯ ತಯಾರಿಸಬೇಕಾದ ಇಲಿಗಳು ಸುಮ್ಮನಾದವು. ಹೀಗೆ ಸುಮ್ಮನಾಗಲು ಥೈಮಸ್‌ನಿಂದ ಬಂದ ಕೋಶಗಳು ಬೇಕೇ ಬೇಕು ಎಂದು 1970ರಲ್ಲಿ ತೋರಿಸಿದರು. ಮರುವರ್ಷ ಆ ಇಲಿಗಳ ಗುಲ್ಮದ ಕೋಶಗಳನ್ನು ಬೇರೆ ಇಲಿಗಳಿಗೆ ಸೇರಿಸಿದರು. ಅಲ್ಲಿಯೂ ಪ್ರತಿಕ್ರಿಯೆ ಕುಗ್ಗಿತು. ಗೆರ್ಷನ್ ಇದನ್ನು ಅಂಟುವ ಸಹಿಷ್ಣುತೆ ಎಂದು ಕರೆದರು. ಮೌನವೂ ಕೋಶದಿಂದ ಕೋಶಕ್ಕೆ ದಾಟಬಲ್ಲದು ಎಂಬ ಈ ಮಾತು ಆ ಕಾಲಕ್ಕೆ ಬಹಳ ದಿಟ್ಟದ್ದು.

1976ರಲ್ಲಿ, ಸಪ್ರೆಸರ್ ಎನಿಸಿಕೊಂಡ ಈ ಕೋಶಗಳಿಗೆ ‘ಐ-ಜೆ’ ಎಂಬ ಗುರುತು ಸಿಕ್ಕಿತು. ಅದರ ಜೀನು ರೋಗನಿರೋಧಕ ಜೀನುಗಳು ಗುಂಪಾಗಿರುವ, ಇಲಿಯ ಎಂಎಚ್‌ಸಿ ಎಂಬ ಡಿಎನ್‌ಎ ಪ್ರದೇಶದಲ್ಲಿದೆ ಎಂದು ನಂಬಲಾಯಿತು. 1982–83ರಲ್ಲಿ ಕ್ಯಾಲ್‌ಟೆಕ್‌ನ ಲೆರಾಯ್ ಹುಡ್ ತಂಡ ಆ ಪ್ರದೇಶದ ಡಿಎನ್‌ಎ ನಕ್ಷೆಯನ್ನು ಬಿಡಿಸಿತು. ಹೇಳಿದ ಜಾಗದಲ್ಲಿ ಅಂಥ ಜೀನು ಇರಲಿಲ್ಲ. ಗೆರ್ಷನ್ 1983ರಲ್ಲಿ ತೀರಿಕೊಂಡರು. ಕೆಲವೇ ವರ್ಷಗಳಲ್ಲಿ ‘ಸಪ್ರೆಸರ್’ ಎಂಬ ಪದವನ್ನೇ ಬಳಸಲು ಸಂಶೋಧಕರು ಹಿಂಜರಿಯತೊಡಗಿದರು.

ತರ್ಕ ಜಾರಿದ್ದು ಇಲ್ಲೇ. ಹುಡ್ ತಂಡ ಅಲ್ಲಗಳೆದದ್ದು ಗುರುತಿನ ವಿಳಾಸವನ್ನು. ಗುಲ್ಮದ ಕೋಶಗಳು ಮೌನವನ್ನು ದಾಟಿಸಿದ್ದು 1971ರ ಪ್ರಯೋಗದಲ್ಲಿ. ಅದು ಐ-ಜೆ ಹುಟ್ಟುವುದಕ್ಕೆ ಐದು ವರ್ಷ ಮೊದಲಿನದು. ಹಿಂದಿನ ವೀಕ್ಷಣೆಯನ್ನು ಅನಂತರದ ವಿವರಣೆಯ ಸೋಲು ಅಳಿಸಲಾರದು.

ಇಷ್ಟು ಹೇಳಿದ ಮೇಲೆ ಕೆಲವು ಎಚ್ಚರಿಕೆಗಳು ಅಗತ್ಯ. ಐ-ಜೆ ಒಂದೇ ದೋಷವಾಗಿರಲಿಲ್ಲ. ಸಪ್ರೆಸರ್ ಎಂದು ಬೆಳೆಸಿದ್ದ ಹಲವು ಹೈಬ್ರಿಡೋಮಾ (ಕ್ಯಾನ್ಸರ್ ಕೋಶದೊಡನೆ ಬೆಸೆದ) ಕೋಶಗಳಲ್ಲಿ, ನಿಜವಾದ ಟಿ ಕೋಶದಲ್ಲಿ ಇರಬೇಕಾದ ಟಿ ಗ್ರಾಹಕದ ಬೀಟಾ ಜೀನಿನ ಸರಿಯಾದ ಜೋಡಣೆಯೇ ಕಾಣಲಿಲ್ಲ. ಒಂದು ಕೋಶ ಇನ್ನೊಂದನ್ನು ಪ್ರೇರೇಪಿಸಿ, ಅದು ಮತ್ತೊಂದನ್ನು ತಡೆಯುವ ಉದ್ದುದ್ದ ಸರಪಳಿಗಳನ್ನು ಕಲ್ಪಿಸಿದ್ದೂ ಕ್ಷೇತ್ರಕ್ಕೆ ಕೆಟ್ಟ ಹೆಸರು ತಂದಿತು. ಸಂದೇಹಪಟ್ಟವರಿಗೆ ಒಳ್ಳೆಯ ಕಾರಣಗಳಿದ್ದವು. ಆದರೂ ಆ ಕಾರಣಗಳೆಲ್ಲ ಬೀಳುವುದು ಅನಂತರ ಕಟ್ಟಿದ ಮಾಳಿಗೆಯ ಮೇಲೆ, ಅಡಿಪಾಯದ ಮೇಲಲ್ಲ.

ಹಾಗಾದರೆ ಗೆರ್ಷನ್ ಕಂಡದ್ದನ್ನೇ ಸಕಾಗುಚಿ ಕಂಡರೇ? ಅದನ್ನೂ ಒಪ್ಪಲಾಗದು. ಸಕಾಗುಚಿ ಅವರ ದಾರಿ ಬೇರೆ ಕಡೆಯಿಂದ ಬಂದದ್ದು. ನಗೋಯಾದ ಐಚಿ ಕ್ಯಾನ್ಸರ್ ಕೇಂದ್ರದಲ್ಲಿ ನಿಶಿಝುಕಾ ಮತ್ತು ಸಕಾಕುರಾ 1969ರಲ್ಲೇ ಒಂದು ವಿಚಿತ್ರವನ್ನು ಗಮನಿಸಿದ್ದರು: ಹುಟ್ಟಿದ 3ನೇ ದಿನ ಥೈಮಸ್ ತೆಗೆದ ಹೆಣ್ಣು ಇಲಿಗಳ ಅಂಡಾಶಯ ನಾಶವಾಗುತ್ತಿತ್ತು, 7ನೇ ದಿನ ತೆಗೆದರೆ ಏನೂ ಆಗುತ್ತಿರಲಿಲ್ಲ. ಆ ನಾಲ್ಕು ದಿನಗಳಲ್ಲಿ ಥೈಮಸ್‌ನಿಂದ ಹೊರಬಿದ್ದ ಯಾವುದೋ ಕೋಶ ಅಂಡಾಶಯವನ್ನು ಕಾಯುತ್ತಿರಬೇಕು. ಸಕಾಗುಚಿ ಹಿಡಿದದ್ದು ಈ ಎಳೆ. 1995ರಲ್ಲಿ ಅವರು ಸಿಡಿ25 ಇರುವ ಕೋಶಗಳನ್ನು ತೆಗೆದು, ಉಳಿದವನ್ನು ಟಿ ಕೋಶಗಳಿಲ್ಲದ ಇಲಿಗಳಿಗೆ ಕೊಟ್ಟರು. ಥೈರಾಯ್ಡ್, ಜಠರ ಮುಂತಾದ ಅಂಗಗಳಿಗೆ ಉರಿಯೂತ ಬಂತು. ತೆಗೆದದ್ದನ್ನು ಬೇಗನೆ ಮರಳಿಸಿದರೆ ಬರಲಿಲ್ಲ. ಈ ಸಾಲಿನ ಯಾವ ಪ್ರಯೋಗವೂ ಐ-ಜೆಯನ್ನು ನೆಚ್ಚಿಕೊಂಡಿರಲಿಲ್ಲ; ಅದರ ಕುಸಿತವನ್ನು ಇದು ದಾಟಿ ಬಂದದ್ದೂ ಅದಕ್ಕೇ.

ಇನ್ನೊಂದು ಅಡ್ಡಿಯೂ ಇದೆ. 1970ರ ದಶಕದ ಸಪ್ರೆಸರ್ ಕೋಶಗಳನ್ನು ಇಂದಿನ ಭಾಷೆಯಲ್ಲಿ ಸಿಡಿ8 ಗುಂಪಿಗೆ ಸೇರಿಸಲಾಗಿತ್ತು. ಸಕಾಗುಚಿ ಅವರವು ಸಿಡಿ4. ಸಿಡಿ8 ಗುಂಪಿನಲ್ಲಿ ನಿಯಂತ್ರಕರೇ ಇಲ್ಲವೆಂದು ಕೈಬಿಡುವಂತೆಯೂ ಇಲ್ಲ. ಕೆಐಆರ್ ಎಂಬ ಗ್ರಾಹಕವಿರುವ ಮಾನವ ಸಿಡಿ8 ಕೋಶಗಳು ಸೀಲಿಯಾಕ್ ರೋಗಿಗಳಲ್ಲಿ ಹಾನಿ ಮಾಡುವ ಸಿಡಿ4 ಕೋಶಗಳನ್ನು ಕೊಲ್ಲಬಲ್ಲವು ಎಂದು ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಡೇವಿಸ್ ತಂಡ 2022ರಲ್ಲಿ ವರದಿ ಮಾಡಿದೆ. ಇವೇ ಗೆರ್ಷನ್ನರ ಕೋಶಗಳು ಎನ್ನಲು ಅಷ್ಟೇ ಆಧಾರ ಸಾಲದು. ಅವರ ಊಹೆಗೆ ಬೀಗ ಹಾಕಿದ್ದು ಆತುರದ ಕೆಲಸವಾಗಿತ್ತು ಎನ್ನಲು ಸಾಕು.

ಕುರಿಯ ರಕ್ತಕಣಗಳಿಗೆ ಆ ಇಲಿಗಳನ್ನು ಮೌನವಾಗಿಸಿದ್ದು ಸಿಡಿ4 ನಿಯಂತ್ರಕರೋ, ಸಿಡಿ8 ಕೋಶಗಳೋ, ಎರಡೂ ಸೇರಿಯೋ ಎಂಬುದನ್ನು ಹಳೆಯ ದಾಖಲೆಗಳಿಂದ ತೀರ್ಮಾನಿಸಲಾಗದು. ಗೆರ್ಷನ್ನರ ಪ್ರಯೋಗವನ್ನು ಮತ್ತೆ ಮಾಡಿ ತೀರ್ಮಾನಿಸಬಹುದು: ಡಿಫ್ತೀರಿಯಾ ವಿಷ ಕೊಟ್ಟು ಫಾಕ್ಸ್‌ಪಿ3 ಕೋಶಗಳನ್ನಷ್ಟೇ ಅಳಿಸಬಹುದಾದ ಇಲಿ ತಳಿಗಳು 2007ರಿಂದ ಲಭ್ಯವಿವೆ.