ಹಾಯಿದೋಣಿಯ ವಿದ್ಯುದ್ಭಂಡಾರ

ಗಾಳಿಯೊಂದನ್ನೇ ನೆಚ್ಚಿ ಸಮುದ್ರವನ್ನು ದಾಟುವ ಹಾಯಿದೋಣಿಗೆ ಚಲನೆಗಾಗಿ ಇನ್ನೊಂದು ಶಕ್ತಿಯ ಹಂಗಿಲ್ಲವಾದರೂ, ಇರುಳಿನಲ್ಲಿ ತನ್ನ ಇರವನ್ನು ಪರನಾವೆಗಳಿಗೆ ತಿಳಿಸುವುದಕ್ಕೂ ದಿಕ್ಸೂಚಿಯ ಮುಖವನ್ನು ಬೆಳಗುವುದಕ್ಕೂ ಅದಕ್ಕೆ ದೀಪ ಬೇಕೇ ಬೇಕು. ಆ ದೀಪವನ್ನು ಶತಮಾನಗಳ ಕಾಲ ಎಣ್ಣೆಯೇ ಉರಿಸಿತು. ಮಂಗಳೂರಿನ ಹೆಂಚನ್ನು ಹೇರಿಕೊಂಡು ಮುಂಬಯಿಗೆ ಹೋಗುತ್ತಿದ್ದ ನಮ್ಮ ಕರಾವಳಿಯ ಮಂಜಿ, ಪತ್ತೇಮಾರಿ ಎಂಬ ಹಾಯಿಹಡಗುಗಳು ಲಾಟೀನಿನ ಬೆಳಕಿನಲ್ಲಿಯೇ ರಾತ್ರಿಗಳನ್ನು ಕಳೆದವು. 1895ರಿಂದ 1898ರವರೆಗೆ ಏಕಾಂಗಿಯಾಗಿ ಭೂಪ್ರದಕ್ಷಿಣೆ ಮಾಡಿ, ಆ ಸಾಹಸವನ್ನು ಮೊದಲಿಗೆ ಸಾಧಿಸಿದ ಜೋಶುವಾ ಸ್ಲೋಕಮ್‌ನ ‘ಸ್ಪ್ರೇ’ ದೋಣಿಯಲ್ಲಿ ಇದ್ದುದು ಸೀಮೆಎಣ್ಣೆಯ ದೀಪ ಮತ್ತು ಒಂದು ಡಾಲರಿನ ತಗಡಿನ ಗಡಿಯಾರ. ಎಣ್ಣೆಯ ದೀಪಕ್ಕೆ ಬೇಕಾದುದು ಬತ್ತಿಯನ್ನು ಕತ್ತರಿಸಿ ಗಾಜನ್ನು ಒರೆಸುವ ಕೈಯಷ್ಟೆ. ವಿದ್ಯುತ್ತು ದೋಣಿಯನ್ನು ಹೊಕ್ಕ ಮೇಲಾದರೋ, ಸಂಪಾದಿಸುವುದು, ಕೂಡಿಡುವುದು, ಅಳೆಯುವುದು, ಮಿತವಾಗಿ ವೆಚ್ಚಮಾಡುವುದು ಎಂಬ ನಾಲ್ಕು ಕರ್ತವ್ಯಗಳುಳ್ಳ ಹೊಸದೊಂದು ಕಸುಬೇ ನಾವಿಕನ ಪಾಲಿಗೆ ಬಂದಿತು.

ಕೂಡಿಡುವ ಉಪಾಯವನ್ನು ಕಂಡುಹಿಡಿದವನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ. 1859ರಲ್ಲಿ ಅವನು ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿ, ತುಂಬಿದ ವಿದ್ಯುತ್ತನ್ನು ಮರಳಿ ಪಡೆಯಬಹುದೆಂದು ತೋರಿಸಿದನು. ಸುಮಾರು ಇಪ್ಪತ್ತು ವರ್ಷಗಳ ತರುವಾಯ ಅದೇ ದೇಶದ ಕಮೀಲ್ ಫೋರ್, ಸೀಸದ ಸಂಯುಕ್ತವನ್ನು ಫಲಕಗಳಿಗೆ ಬಳಿಯುವ ವಿಧಾನದಿಂದ ಅದರ ಧಾರಣಶಕ್ತಿಯನ್ನು ಬಹಳವಾಗಿ ಹೆಚ್ಚಿಸಿದನು. ದೋಣಿಗೂ ವಿದ್ಯುತ್ತಿಗೂ ನಂಟು ಅದಕ್ಕಿಂತ ಹಳೆಯದು: 1838ರಲ್ಲಿಯೇ ಮೋರಿಟ್ಸ್ ಯಾಕೋಬಿಯು ರಷ್ಯದ ನೇವಾ ನದಿಯಲ್ಲಿ ವಿದ್ಯುತ್ಕೋಶಗಳ ಬಲದಿಂದ ದೋಣಿಯನ್ನು ನಡೆಸಿದ್ದನು. ಆದರೆ ಅವನ ಕೋಶಗಳು ಒಮ್ಮೆ ಬರಿದಾದರೆ ಮತ್ತೆ ತುಂಬುವಂಥವಾಗಿರಲಿಲ್ಲ.

ಹಾಯಿಹಡಗಿನಲ್ಲಿ ವಿದ್ಯುತ್ತನ್ನು ಉತ್ಪಾದಿಸಿದ ಉದಾಹರಣೆಗಳಲ್ಲಿ ನನ್ನ ಮನಸ್ಸಿಗೆ ಅತ್ಯಂತ ಆಪ್ತವಾದುದು ನಾರ್ವೆಯ ‘ಫ್ರಾಮ್’ ನೌಕೆಯದು. ಉತ್ತರಧ್ರುವದ ಹಿಮರಾಶಿಯಲ್ಲಿ ಹಡಗನ್ನು ಬೇಕೆಂದೇ ಸಿಲುಕಿಸಿ, ಹಿಮದ ಜತೆಯಲ್ಲಿಯೇ ತೇಲಿಹೋಗಬೇಕೆಂದು 1893ರಲ್ಲಿ ಹೊರಟ ಅನ್ವೇಷಕ ನಾನ್ಸೆನ್, ತಿಂಗಳುಗಟ್ಟಲೆ ಸೂರ್ಯನೇ ಮೂಡದ ಆ ಕತ್ತಲಿನಲ್ಲಿ ಹದಿಮೂರು ಮಂದಿಯ ಚಿತ್ತಸ್ವಾಸ್ಥ್ಯವನ್ನು ಕಾಪಾಡಲು ಹೊಟ್ಟೆಗೆ ಅನ್ನವಿದ್ದಂತೆಯೇ ಕಣ್ಣಿಗೆ ಬೆಳಕೂ ಇರಬೇಕೆಂಬುದನ್ನು ಮುಂದಾಗಿ ಅರಿತು, ಹಡಗಿನ ಅಟ್ಟದ ಮೇಲೆ ಗಾಳಿಗಿರಣಿಯೊಂದನ್ನು ನಿಲ್ಲಿಸಿ ಅದರಿಂದ ಡೈನಮೋ ತಿರುಗುವ ಏರ್ಪಾಟನ್ನು ಮಾಡಿಕೊಂಡಿದ್ದನು. ಪಟಗಳಿಗೆ ಕೆಲಸವಿಲ್ಲದ ಆ ಹಿಮದ ಸೆರೆಯಲ್ಲಿ ಗಾಳಿಯು ದೀಪಗಳನ್ನು ಹೊತ್ತಿಸಿತು. ಯಂತ್ರವು ಸವೆಯುತ್ತ ಬಂದು, ಕೊನೆಗೆ ಗಿರಣಿಯನ್ನು ಕಳಚಿ ಎಣ್ಣೆಯ ದೀಪಗಳಿಗೇ ಮರಳಬೇಕಾಯಿತು. ಸಮುದ್ರದ ಮೇಲಿನ ವಿದ್ಯುದ್ಯಂತ್ರಕ್ಕೆ ಮುಪ್ಪು ಬೇಗ ಬರುತ್ತದೆಂಬುದು ಆ ಮೊದಲ ದಿನಗಳಲ್ಲಿಯೇ ತಿಳಿದುಬಂದ ಸಂಗತಿ.

ಈ ಕಸುಬಿನ ಸ್ವರೂಪವನ್ನು ಸಮಗ್ರವಾಗಿ ತೋರಿಸುವ ದೋಣಿಯು ನಮ್ಮ ದೇಶದಲ್ಲಿಯೇ ಹುಟ್ಟಿತು. ಮುಂಬಯಿಯಲ್ಲಿ ತೇಗದ ಮರದಿಂದ, ಬಾಚಿ ಹಿಡಿದ ನಮ್ಮ ಬಡಗಿಗಳ ಕೈಯಿಂದ ರೂಪುಗೊಂಡು 1964ರಲ್ಲಿ ನೀರಿಗಿಳಿದ, ಮೂವತ್ತೆರಡು ಅಡಿ ಉದ್ದದ ‘ಸುಹೈಲಿ’ ಅದು. ಅದರ ಒಡೆಯನಾದ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರನ್ನು ಬಿಟ್ಟು, ಎಲ್ಲಿಯೂ ತಂಗದೆ ಏಕಾಂಗಿಯಾಗಿ ಭೂಮಿಯನ್ನು ಸುತ್ತಿ, 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದನು; ಅದು ಏಕಾಂಗಿ ನಾವಿಕರ ಸ್ಪರ್ಧೆಯಾಗಿತ್ತು; ಒಂಬತ್ತು ಮಂದಿ ಹೊರಟ ಆ ಸ್ಪರ್ಧೆಯನ್ನು ಪೂರೈಸಿದವನು ಅವನೊಬ್ಬನೇ. ಅವನ ರೇಡಿಯೋಗೆ ಬ್ಯಾಟರಿ ಬೇಕು, ಬ್ಯಾಟರಿಯನ್ನು ತುಂಬಲು ಪೆಟ್ರೋಲಿನ ಪುಟ್ಟ ಎಂಜಿನ್ನುಳ್ಳ ಚಾರ್ಜರು ಬೇಕು, ಆ ಎಂಜಿನ್ನಿಗೆ ಮ್ಯಾಗ್ನೆಟೋದ ಕಿಡಿ ಬೇಕು. ಈ ಸರಪಣಿಯಲ್ಲಿ ಎಲ್ಲಿ ಉಪ್ಪುನೀರು ಸೋಕಿದರೂ ಇಡಿಯ ವ್ಯವಸ್ಥೆಯು ಸ್ತಬ್ಧವಾಗುವುದು.

ಒಮ್ಮೆ ಹಾಗೆಯೇ ಆಯಿತು. ಚಾರ್ಜರು ಕೆಟ್ಟು ನಿಂತಾಗ ಅವನು ಕಿಡಿಯ ಸಂದಿಯನ್ನು ಅಂಗುಲದ ಸಾವಿರದಲ್ಲಿ ಹನ್ನೆರಡರಿಂದ ಹದಿನೈದು ಭಾಗಕ್ಕೆ ಸರಿಪಡಿಸಬೇಕಾಯಿತು. ಸಂದಿಯನ್ನು ಅಳೆಯುವ ತೆಳುಫಲಕಗಳಾದರೋ ಕಳೆದುಹೋಗಿದ್ದವು. ತಾನು ದಿನಚರಿ ಬರೆಯುತ್ತಿದ್ದ ಪುಸ್ತಕವನ್ನೇ ಎತ್ತಿಕೊಂಡು, ಒಂದು ಅಂಗುಲ ದಪ್ಪಕ್ಕೆ ಇನ್ನೂರು ಹಾಳೆಗಳಿರುವುದನ್ನು ಎಣಿಸಿ, ಹಾಳೆಯೊಂದರ ದಪ್ಪ ಅಂಗುಲದ ಸಾವಿರದಲ್ಲಿ ಐದು ಭಾಗವಾಗಬೇಕೆಂದು ಲೆಕ್ಕಹಾಕಿ, ಮೂರು ಹಾಳೆಗಳನ್ನು ಒತ್ತಿಹಿಡಿದು ಆ ಸಂದಿಯನ್ನು ಅಳೆದನು. ನೌಕಾಯಾನದ ಇತಿಹಾಸವನ್ನು ಬರೆಯುವವರು ಬಿರುಗಾಳಿಗಳಿಗೆ ಅಧ್ಯಾಯಗಳನ್ನು ಮೀಸಲಿಡುತ್ತಾರೆ. ನನ್ನ ಮಟ್ಟಿಗೆ ಆ ಮೂರು ಹಾಳೆಗಳ ಪ್ರಸಂಗವು ಯಾವ ಬಿರುಗಾಳಿಗೂ ಕಡಮೆಯಾದುದಲ್ಲ. ರೇಡಿಯೋದ ಪ್ರೇಷಕವು ಯಾತ್ರೆಯ ಮೊದಲ ಭಾಗದಲ್ಲಿಯೇ ಮೂಕವಾದುದು ಬೇರೆಯ ಮಾತು. ನ್ಯೂಜಿಲೆಂಡನ್ನು ದಾಟಿದ ಮೇಲೆ ತಿಂಗಳುಗಳ ತನಕ ಸುದ್ದಿಯೇ ಇಲ್ಲದಿದ್ದ ಅವನು ಬದುಕಿರುವುದು ಜಗತ್ತಿಗೆ ತಿಳಿದುದು, 1969ರ ಏಪ್ರಿಲಿನಲ್ಲಿ ಅಸೋರ್ಸ್ ದ್ವೀಪಗಳ ಬಳಿ ಎದುರಾದ ಎಣ್ಣೆಹಡಗೊಂದಕ್ಕೆ ಅವನು ಸಂಜ್ಞೆ ಮಾಡಿ ತನ್ನ ದೋಣಿಯ ಹೆಸರನ್ನು ಅರುಹಿದಾಗ.

ಅದೇ ಸ್ಪರ್ಧೆಯಲ್ಲಿದ್ದ ಡೊನಾಲ್ಡ್ ಕ್ರೌಹರ್ಸ್ಟ್ ವಿದ್ಯುದುಪಕರಣಗಳ ಉದ್ಯಮದಲ್ಲಿಯೇ ಇದ್ದವನು. ಅವನ ಜನರೇಟರನ್ನು ಚಾಲಕನ ಕುಳಿಯ ಕೆಳಗಿನ ಗೂಡಿನಲ್ಲಿ ಇರಿಸಿದ್ದುದರಿಂದ, ಮುಚ್ಚಳದ ಸಂದಿಯಿಂದ ಇಳಿದ ನೀರು ಅದನ್ನು ತೋಯಿಸಿ ಕೆಲಕಾಲ ನಿಲ್ಲಿಸಿಬಿಟ್ಟಿತು. ಅವನ ಯಾತ್ರೆಯು ದಾರುಣವಾಗಿ ಕೊನೆಗೊಂಡುದಕ್ಕೆ ಕಾರಣಗಳು ಬೇರೆಯವೂ ಗಹನವಾದವೂ ಆಗಿದ್ದುವು. ಆದರೆ ಚಾರ್ಜರನ್ನು ದೋಣಿಯಲ್ಲಿ ಎಲ್ಲಿ ಇಡಬೇಕೆಂಬ ಪ್ರಶ್ನೆ ಎಷ್ಟು ಗುರುತರವಾದುದೆಂಬುದನ್ನು ಆ ಮುಚ್ಚಳ ತೋರಿಸಿತು. ಅದೇ ಸ್ಪರ್ಧೆಯ ಫ್ರೆಂಚ್ ನಾವಿಕ ಮೊಯ್ತೆಸ್ಯೇ ಮಾತ್ರ ರೇಡಿಯೋ ಪ್ರೇಷಕವೇ ಬೇಡವೆಂದು ತಿರಸ್ಕರಿಸಿ, ಸಂದೇಶಗಳನ್ನು ಡಬ್ಬಿಯಲ್ಲಿಟ್ಟು ಕವಣೆಯಿಂದ ಹಡಗುಗಳ ಮೇಲೆ ಎಸೆಯುತ್ತಿದ್ದನು.

ಈಗ ಬ್ಯಾಟರಿಯ ಒಳಗನ್ನು ಸ್ವಲ್ಪ ನೋಡಬೇಕು. ವಿದ್ಯುತ್ತನ್ನು ಬಳಸಿದಂತೆಲ್ಲ ಎರಡು ಬಗೆಯ ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಟ್ಟು ಆಮ್ಲವು ನೀರಾಗುತ್ತ ಬರುವುದು. ಬೇಗ ಮರಳಿ ತುಂಬಿದರೆ ಆ ಸಲ್ಫೇಟು ಕರಗಿ ಮೊದಲಿನಂತಾಗುವುದು, ಅರೆಹೊಟ್ಟೆಯಲ್ಲಿಯೇ ವಾರಗಟ್ಟಲೆ ಬಿಟ್ಟರೆ ಹರಳುಗಟ್ಟಿ ಮತ್ತೆ ಕರಗದಂತೆ ಗಡುಸಾಗುವುದು. ಹಾಯಿದೋಣಿಯ ಬ್ಯಾಟರಿಗಳಿಗೆ ಅಕಾಲಮರಣ ಬರುವುದು ಬಹುಮಟ್ಟಿಗೆ ಇದರಿಂದಲೇ. ಮೋಟಾರು ಕಾರಿನಿಂದ ಎರವಲು ಪಡೆದ ಡೈನಮೋ, 1960ರ ದಶಕದ ಬಳಿಕ ಅದರ ಸ್ಥಾನಕ್ಕೆ ಬಂದ ಆಲ್ಟರ್ನೇಟರ್, ಎರಡರ ನಿಯಂತ್ರಕಗಳೂ ಎಂಜಿನ್ನನ್ನು ಚಾಲೂ ಮಾಡಲು ಕ್ಷಣಕಾಲ ದುಡಿಯುವ ಬ್ಯಾಟರಿಗಾಗಿ ಹುಟ್ಟಿದವು. ರಾತ್ರಿಯೆಲ್ಲ ದೀಪ ಉರಿಸಿದ ಬ್ಯಾಟರಿಯನ್ನು ತುದಿಯವರೆಗೆ ತುಂಬುವಷ್ಟು ತಾಳ್ಮೆ ಅವಕ್ಕಿರಲಿಲ್ಲ.

ಬಂದರಿನ ಕಟ್ಟೆಯ ವಿದ್ಯುತ್ತಿಗೆ ಜೋಡಿಸುವ ಹಳೆಯ ಚಾರ್ಜರಿನ ದೋಷ ಇದಕ್ಕೆ ವಿರುದ್ಧವಾದುದು. ಕಬ್ಬಿಣದ ಗರ್ಭವುಳ್ಳ ಭಾರವಾದ ಟ್ರಾನ್ಸ್‌ಫಾರ್ಮರು, ಒಂದು ರೆಕ್ಟಿಫಯರು, ಗುಂಯ್‌ಗುಡುವ ಸದ್ದು: ಇಷ್ಟೇ ಅದರ ಸಂಪತ್ತು. ಎಲ್ಲಿ ನಿಲ್ಲಬೇಕೆಂಬುದು ಅಂತಹ ಹಲವು ಯಂತ್ರಗಳಿಗೆ ತಿಳಿಯದು. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಸುಮಾರು 14.4 ವೋಲ್ಟು ಮುಟ್ಟಿದೊಡನೆ ನೀರು ಒಡೆದು ಜಲಜನಕವೂ ಆಮ್ಲಜನಕವೂ ಗುಳ್ಳೆಗಳಾಗಿ ಏಳತೊಡಗುತ್ತವೆ; ಒಡೆಯನು ಊರಿಗೆ ಹೋಗಿ ತಿಂಗಳು ಕಳೆದು ಬರುವಷ್ಟರಲ್ಲಿ ನೀರು ಇಂಗಿ ಫಲಕಗಳ ತಲೆ ಬರಿದಾಗಿರುತ್ತದೆ. ಗಾಳಿಯಲ್ಲಿ ನೂರಕ್ಕೆ ನಾಲ್ಕು ಭಾಗ ಜಲಜನಕ ಸೇರಿದರೆ ಒಂದು ಕಿಡಿಗೆ ಸ್ಫೋಟವಾಗುವುದೆಂಬುದನ್ನೂ, ಆಮ್ಲಕ್ಕೆ ಸಮುದ್ರದ ನೀರು ಬೆರೆತರೆ ವಿಷಾನಿಲವಾದ ಕ್ಲೋರಿನ್ ಏಳುವುದೆಂಬುದನ್ನೂ ನೆನೆದರೆ, ಬ್ಯಾಟರಿಯ ಪೆಟ್ಟಿಗೆಗೆ ಗಾಳಿಯ ಕಂಡಿಯೂ ಗಟ್ಟಿಯಾದ ಕಟ್ಟೂ ಏಕೆ ಬೇಕೆಂಬುದು ವೇದ್ಯವಾಗುತ್ತದೆ. ದೋಣಿಯು ಗಾಳಿಗೆ ವಾಲಿದಾಗಲೂ ಅದು ಕದಲಬಾರದು.

ನಮ್ಮ ಕಡಲತೀರದವರು ಗಮನಿಸಲೇಬೇಕಾದ ಮಾತೊಂದಿದೆ. ಚಾರ್ಜರಿನ ವೋಲ್ಟೇಜನ್ನು ಸಾಮಾನ್ಯವಾಗಿ 25 ಡಿಗ್ರಿ ಉಷ್ಣಮಾನಕ್ಕೆ ನಿಗದಿಮಾಡಿರುತ್ತಾರೆ. ಕಾರವಾರದ ಅಥವಾ ಮಲ್ಪೆಯ ಬೇಸಗೆಯಲ್ಲಿ ದೋಣಿಯ ಒಡಲು 40 ಡಿಗ್ರಿಗೆ ಕಾದಾಗ ಆ ವೋಲ್ಟೇಜು ಸುಮಾರು ಮೂರರಲ್ಲೊಂದು ವೋಲ್ಟಿನಷ್ಟು ತಗ್ಗಬೇಕು. ತಗ್ಗಿಸಲು ಬಾರದ ಹಳೆಯ ಚಾರ್ಜರು ಶೀತದೇಶದಲ್ಲಿ ಹತ್ತು ವರ್ಷ ಬಾಳಿಸಬಹುದಾದ ಬ್ಯಾಟರಿಯನ್ನು ಇಲ್ಲಿ ಬಹುಬೇಗ ಕೊಲ್ಲುತ್ತದೆ.

ಈಚಿನ ಬದಲಾವಣೆಗಳು ಎಲ್ಲರಿಗೂ ತಿಳಿದವೇ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಪ್ರಕಟವಾದ ಸಿಲಿಕಾನ್ ಸೌರಕೋಶವು ದೋಣಿಯ ಅಟ್ಟವನ್ನೇರಿದೆ; ಎಲ್ಇಡಿ ದೀಪವು ವೆಚ್ಚವನ್ನು ಇಳಿಸಿದೆ; ಸೀಸದ ಜಾಗವನ್ನು ಲಿಥಿಯಮ್ ಆಕ್ರಮಿಸುತ್ತಿದೆ. ಸೀಸಕ್ಕೆಂದು ಮಾಡಿದ ಹಳೆಯ ಚಾರ್ಜರನ್ನು ಲಿಥಿಯಮ್ಮಿಗೆ ಹಾಗೆಯೇ ಜೋಡಿಸುವುದು ಮಾತ್ರ ಅಪಾಯಕರ.

ಹಳೆಯ ಚಾರ್ಜರನ್ನು ಇನ್ನೂ ಇಟ್ಟುಕೊಂಡಿರುವವರು ಅದನ್ನು ಎಸೆಯುವ ಮುನ್ನವೂ ನಂಬುವ ಮುನ್ನವೂ ಪರೀಕ್ಷಿಸಬೇಕು. ಸಂಪರ್ಕವನ್ನು ಕಳಚಿ, ಬ್ಯಾಟರಿಗೆ ಒಂದು ರಾತ್ರಿ ವಿಶ್ರಾಂತಿ ಕೊಟ್ಟು, ಬೆಳಗ್ಗೆ ಮೀಟರು ಹಿಡಿದಾಗ 12.6 ವೋಲ್ಟಿಗೆ ಕಡಮೆಯಾಗದಿದ್ದರೆ ಅದು ತುಂಬಿದೆ ಎನ್ನಬಹುದು. ಹೈಡ್ರೋಮೀಟರಿನಲ್ಲಿ ಪ್ರತಿಯೊಂದು ಕೋಶದ ಆಮ್ಲದ ಸಾಪೇಕ್ಷ ಸಾಂದ್ರತೆಯೂ 1.265ರ ಆಸುಪಾಸಿನಲ್ಲಿದ್ದು, ಒಂದು ಕೋಶ ಮಾತ್ರ ಹಿಂದೆ ಬಿದ್ದಿಲ್ಲವೆಂದು ಕಂಡರೆ ಚಾರ್ಜರು ತನ್ನ ಕೆಲಸವನ್ನು ಮಾಡಿದೆ. ತುಂಬಿದ ಬ್ಯಾಟರಿಯ ಮೇಲೆ ದಿನಗಟ್ಟಲೆ 14 ವೋಲ್ಟನ್ನು ಮೀರಿ ಒತ್ತುತ್ತಿದ್ದರೆ ಆ ಚಾರ್ಜರನ್ನು ನಿವೃತ್ತಿಗೊಳಿಸಬೇಕು. ಆ ಅಂಕಿಗಳನ್ನು ತಾರೀಖಿನೊಡನೆ ದೋಣಿಯ ದಿನಚರಿಯಲ್ಲಿ ಬರೆದಿಡಿ. ನಮ್ಮ ಬಂದರುಗಳಲ್ಲಿ ವಸ್ತುಸಂಗ್ರಹಾಲಯಗಳನ್ನು ಕಟ್ಟುವವರಲ್ಲಿಯೂ ಒಂದು ವಿಜ್ಞಾಪನೆಯಿದೆ: ಕೂವೆಮರ, ಚುಕ್ಕಾಣಿ, ಲಂಗರುಗಳ ಪಕ್ಕದಲ್ಲಿ ಹಸುರುಗಟ್ಟಿದ ತಾಮ್ರದ ತಂತಿಯ ಹಳೆಯ ಚಾರ್ಜರಿಗೂ ಒಂದು ಹೈಡ್ರೋಮೀಟರಿಗೂ ಜಾಗ ಕೊಡಿ.