ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕೂತವರ ಚರಿತ್ರೆ



ಇಂಟರ್‌ವ್ಯೂಗೆ ಹೋಗೋ ನಮ್ಮ ಹುಡುಗ ಹುಡುಗಿಯರಿಗೆ ಎಲ್ಲ ಕಡೆ ಒಂದೇ ಪಾಠ. ಬೆನ್ನು ನೇರ ಇರಲಿ. ಕುರ್ಚಿಯ ತುದಿಯಲ್ಲಿ ಕೂರಬೇಡಿ. ಎದುರಿನವರ ಕಣ್ಣು ನೋಡಿ ಮಾತಾಡಿ. ಕೈ ಕೊಟ್ಟರೆ ಗಟ್ಟಿಯಾಗಿ ಕುಲುಕಿ. ಇದಕ್ಕೆ ಬಾಡಿ ಲ್ಯಾಂಗ್ವೇಜ್ ಅಂತಾರೆ. ಪಾಠ ತಪ್ಪಲ್ಲ, ಕಲಿಯಲೇಬೇಕು. ಆದರೆ ಆ ಪಟ್ಟಿಯನ್ನ ಇನ್ನೊಂದು ಸಲ ಓದಿ ನೋಡಿ. ನಮ್ಮ ಅಜ್ಜ ಮುತ್ತಜ್ಜಂದಿರು ಯಾವ್ಯಾವುದಕ್ಕೆ ಏಟು ತಿಂದರೋ, ದಂಡ ಕಟ್ಟಿದರೋ ಅದೇ ಪಟ್ಟಿ ಇದು.

ಮೇಲಿನ ಕೇರಿಯಲ್ಲಿ ಹಾದು ಹೋಗುವಾಗ ಚಪ್ಪಲಿ ಕೈಗೆ ಬರಬೇಕು. ಹೆಗಲ ಮೇಲಿನ ಟವಲ್ಲು ಕಂಕುಳಿಗೆ ಇಳಿಯಬೇಕು. ಜಗಲಿ ಹತ್ತುವಂಗಿಲ್ಲ, ಕುರ್ಚಿ ಅನ್ನೋ ಮಾತೇ ಇಲ್ಲ. ತಲೆ ತಗ್ಗಿಸಿ, ಕೈ ಕಟ್ಟಿ, 'ಬುದ್ಧೀ' ಅನ್ನಬೇಕು. ಕಣ್ಣು ನೋಡಿ ಮಾತಾಡಿದರೆ ಕೊಬ್ಬು. ಇನ್ನು ಕೈ ಕುಲುಕೋದು? ಮುಟ್ಟೋದೇ ಮೈಲಿಗೆ ಅಂದವರ ಜೊತೆ! ಆಗ ಬಾಗಿದ ಬೆನ್ನಿಗೆ 'ವಿನಯ' ಅಂತ ಹೆಸರಿಟ್ಟರು. ಈಗ ಅದೇ ಬೆನ್ನು ನೋಡಿ 'ಕಾನ್ಫಿಡೆನ್ಸ್ ಸಾಲದು' ಅಂತ ಮಾರ್ಕ್ಸ್ ಕಳೀತಾರೆ.

ಈ ಬೆನ್ನು ಸುಮ್ಮನೆ ನೇರ ಆಗಲಿಲ್ಲ. 1893ರಲ್ಲಿ ತಿರುವಾಂಕೂರಿನ ಅಯ್ಯಂಕಾಳಿ ಬಿಳಿ ಪಂಚೆ ಉಟ್ಟು, ತಲೆಗೆ ರುಮಾಲು ಸುತ್ತಿ, ಎತ್ತಿನ ಗಾಡಿ ಏರಿ ಸಾರ್ವಜನಿಕ ರಸ್ತೆಯಲ್ಲಿ ಹೊರಟರು. ಪುಲಯರು ಆ ರಸ್ತೆಯಲ್ಲಿ ನಡೆಯೋದಕ್ಕೇ ಅಡ್ಡಿ ಇದ್ದ ಕಾಲ ಅದು. 1915ರಲ್ಲಿ ಪೆರಿನಾಡಿನ ಸಭೆಯಲ್ಲಿ ಪುಲಯ ಹೆಂಗಸರು ಜಾತಿಯ ಗುರುತಾಗಿದ್ದ ಕಲ್ಲಿನ ಸರಗಳನ್ನ ಕುತ್ತಿಗೆಯಿಂದ ಕಿತ್ತು ರಾಶಿ ಹಾಕಿದರು. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟ ಬಾಬಾಸಾಹೇಬರು ಅಲ್ಲಿ ಸೇರಿದ್ದ ಹೆಣ್ಣುಮಕ್ಕಳ ಜೊತೆ ಪ್ರತ್ಯೇಕವಾಗಿ ಮಾತಾಡಿದರು. ಸೀರೆ ಉಡುವ ರೀತಿ ಬದಲಿಸಿ, ನೋಡಿದ ಕೂಡಲೇ ಜಾತಿ ಹೇಳುವ ಭಾರದ ಒಡವೆ ಬಿಡಿ ಅಂದರು. ಹೆಂಗಸರು ಆ ಮಾತನ್ನ ಅಲ್ಲೇ ಜಾರಿಗೆ ತಂದರು. ಅದನ್ನ ಫ್ಯಾಷನ್ ಪಾಠ ಅಂದುಕೊಂಡವರು ಬಾಬಾಸಾಹೇಬರ ಸೂಟನ್ನೂ ಶೋಕಿ ಅಂತಾರೆ, ಬಿಡಿ.

ಹಾಗಂತ ಸೂಟು ಹಾಕಿ ನೇರ ನಿಂತರೆ ಸಾಕಾಗಿತ್ತಾ? 1917ರಲ್ಲಿ ಬಾಬಾಸಾಹೇಬರು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದಾಗ ಅಮೆರಿಕ, ಲಂಡನ್ನಿನಲ್ಲಿ ಓದಿ ಬಂದಿದ್ದರು. ನಡೆ, ನುಡಿ, ಉಡುಪು, ಇಂಗ್ಲಿಷು ಯಾವುದಕ್ಕೆ ಕೊರತೆ ಇತ್ತು? ಆಫೀಸಿನ ಜವಾನರು ಫೈಲನ್ನ ದೂರದಿಂದ ಎಸೆದರು. ಊರಲ್ಲಿ ಇರೋಕೆ ಒಂದು ರೂಮು ಸಿಗಲಿಲ್ಲ.

ಇನ್ನೊಂದು ವಿಚಿತ್ರ ಕೇಳಿ. ಬ್ರಿಟಿಷರ ಐಸಿಎಸ್‌ಗೆ ಕುದುರೆ ಸವಾರಿ ಪರೀಕ್ಷೆ ಇತ್ತು, ಅದರಲ್ಲಿ ದಾಟದೆ 1892ರಲ್ಲಿ ಅರವಿಂದ ಘೋಷರು ಹೊರಗುಳಿದರು. ಇವತ್ತಿಗೂ ಮದುವೆ ದಿನ ಕುದುರೆ ಹತ್ತಿದ ದಲಿತ ಮದುಮಗನಿಗೆ ಕಲ್ಲು ಬೀಳೋ ದೇಶದಲ್ಲಿ, ಅಧಿಕಾರಿಯಾಗೋಕೆ ಕುದುರೆ ಹತ್ತಿ ತೋರಿಸಬೇಕಿತ್ತು!

ಈಗ ಕುದುರೆ ಇಲ್ಲ, ಕುರ್ಚಿ ಇದೆ. ಆದರೆ ಕುರ್ಚಿವರೆಗೆ ಹೋಗೋದಕ್ಕೆ ಮೊದಲೇ ಹೆಸರು ಓದ್ತಾರೆ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪತ್ರಿಕೆಗಳಲ್ಲಿ ಬಂದ ಖಾಸಗಿ ಕೆಲಸದ ಜಾಹೀರಾತುಗಳಿಗೆ ಒಂದೇ ಓದು, ಬೇರೆ ಬೇರೆ ಅಡ್ಡಹೆಸರು ಹಾಕಿ ಅರ್ಜಿ ಕಳಿಸಿದರು. ಮೇಲ್ಜಾತಿ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರೋ ಸಾಧ್ಯತೆ ಸುಮಾರು ಮೂರನೇ ಎರಡರಷ್ಟೇ ಇತ್ತು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರಿನ್ ನ್ಯೂಮನ್ ದೆಹಲಿಯ 25 ಎಚ್‌ಆರ್ ಮ್ಯಾನೇಜರುಗಳನ್ನ ಮಾತಾಡಿಸಿದ್ದನ್ನ ಬರೆದರು. ಜಾತಿ ನೋಡ್ತೀವಿ ಅಂತ ಹೇಳೋರು ಯಾರು? 'ಫ್ಯಾಮಿಲಿ ಬ್ಯಾಕ್‌ಗ್ರೌಂಡ್' ನೋಡ್ತೀವಿ ಅಂದರು. ಅಪ್ಪ ಏನು ಮಾಡ್ತಾರೆ, ಊರು ಯಾವುದು, ಮನೆಯಲ್ಲಿ ಯಾರು ಓದಿದ್ದಾರೆ. ಅಭ್ಯರ್ಥಿಯ ಬೆನ್ನು ಬಗ್ಗೋದು ಸರಿಯಾಗಿ ಈ ಪ್ರಶ್ನೆಗೆ.

ಕೋರ್ಟಿಗೂ ಈ ವಿಷಯ ಹೋಗಿದೆ. 1964ರಲ್ಲಿ ನಮ್ಮ ಮೈಸೂರು ರಾಜ್ಯದ ಚಿತ್ರಲೇಖಾ ಪ್ರಕರಣದಲ್ಲಿ, ಮೆಡಿಕಲ್ ಇಂಜಿನಿಯರಿಂಗ್ ಸೀಟಿಗೆ ಸಂದರ್ಶನದ ಅಂಕ ಸೇರಿಸೋದನ್ನ ಸುಪ್ರೀಂ ಕೋರ್ಟ್ ಒಪ್ಪಿತು. ಶ್ರೀನಗರದ ಇಂಜಿನಿಯರಿಂಗ್ ಕಾಲೇಜಿನ ಅಜಯ್ ಹಾಸಿಯಾ ಪ್ರಕರಣದಲ್ಲಿ ಲಿಖಿತಕ್ಕೆ 100, ಸಂದರ್ಶನಕ್ಕೆ 50 ಅಂಕ. ಎರಡು ಮೂರು ನಿಮಿಷ ಕೂರಿಸಿ ಅಪ್ಪ ಯಾರು, ಮನೆ ಎಲ್ಲಿ ಅಂತ ಕೇಳಿದರು ಅನ್ನೋದೇ ವಿದ್ಯಾರ್ಥಿಗಳ ದೂರು. ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡೋದು ಮನಸೋಇಚ್ಛೆ ಅಂತ 1980ರಲ್ಲಿ ಕೋರ್ಟ್ ಹೇಳಿತು. 2016ರ ಜನವರಿಯಿಂದ ಕೇಂದ್ರ ಸರ್ಕಾರದ ಕೆಳ ಹಂತದ ಹುದ್ದೆಗಳಿಗೆ ಸಂದರ್ಶನವೇ ಹೋಯ್ತು. ಖಾಸಗಿ ಕಂಪನಿಗೆ ಮಾತ್ರ ಈ ಯಾವ ಮಿತಿಯೂ ಇಲ್ಲ.

ಕೇರಿಗಳಲ್ಲಿ, ಹಾಸ್ಟೆಲ್ಲುಗಳಲ್ಲಿ ಮಾಕ್ ಇಂಟರ್‌ವ್ಯೂ ಮಾಡಿಸೋ ಗೆಳೆಯರಲ್ಲಿ ಒಂದು ಕೇಳಿಕೆ. ಶೇಕ್‌ಹ್ಯಾಂಡು, ಟೈ ಆಮೇಲೆ ಹೇಳಿಕೊಡಿ. ಮೊದಲು ಅಯ್ಯಂಕಾಳಿ ಗಾಡಿಯ ಕಥೆ ಹೇಳಿ. ಆಮೇಲೆ ಕುರ್ಚಿಯಲ್ಲಿ ಪೂರ್ತಿ ಒರಗಿ ಕೂರಿಸಿ, ಅಪ್ಪ ಏನು ಕೆಲಸ ಮಾಡ್ತಾರೆ ಅಂತ ಹತ್ತು ಸಲ ಕೇಳಿ. 'ಪೌರಕಾರ್ಮಿಕರು ಸರ್', 'ಕೂಲಿ ಮಾಡ್ತಾರೆ ಮೇಡಂ' ಅನ್ನುವಾಗ ದನಿ ಇಳೀದೇ ಇರೋವರೆಗೂ ಕೇಳಿ.